ನೂಲು ಎಂದು ಹೆಸರಿಟ್ಟೆ

ನಿಮ್ಮ ಅವ್ವನ ಹಾಡುಗಳನ್ನು ಕಳೆದವಳು ನಾನು, ಕರಿಯಮ್ಮಕ್ಕ. ನಿಮ್ಮ ಮೊಬೈಲಿನ ಕಾರ್ಡು ಕೆಟ್ಟಿರಲಿಲ್ಲ. ನಿಮ್ಮ ಮಗಳು ಗೀತಾ ಫೋನ್ ಬೀಳಿಸಿದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ — ಆ ಮಾತು ಹುಟ್ಟಿಸಿದವಳೂ ನಾನೇ.

ಹೊಸದುರ್ಗದ ಜೆರಾಕ್ಸ್ ಅಂಗಡಿಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಕಂಬಳಿಗೆ ಉಣ್ಣೆ ನೂಲುತ್ತಾ ನಿಮ್ಮವ್ವ ಹೇಳುತ್ತಿದ್ದ ಹಾಡುಗಳು ನಿಮ್ಮ ಮೊಬೈಲಿನ ಮೆಮೊರಿ ಕಾರ್ಡಿನಲ್ಲಿದ್ದವು. ಆಕೆ ತೀರಿಕೊಂಡ ಮೇಲೆ ಉಳಿದಿದ್ದ ದನಿ ಅದೊಂದೇ.

"ಇವನ್ನ ಕಂಪ್ಯೂಟರ್‌ನಾಗೆ ಜೋಪಾನ ಮಾಡವ್ವ. ಕಾರ್ಡ್ ತುಂಬೈತೆ, ಖಾಲಿ ಮಾಡಿ ಕೊಡು. ಸಂತೆ ಮುಗಿಸ್ಕಂಡು ಬರ್ತೀನಿ" ಅಂದಿರಿ.

ನೂಲುವ ಹಾಡು — ಹಾಗಾಗಿ ಫೋಲ್ಡರಿಗೆ ನೂಲು ಎಂದೇ ಹೆಸರಿಡಲು ಹೊರಟೆ. ಇಂಗ್ಲಿಷಿನಲ್ಲಿ ಎನ್, ಯು, ಎಲ್, ಅಷ್ಟು ಸಾಕೆಂದು ಒತ್ತಿದೆ. ಆ ಹೆಸರು ಆಗುವುದಿಲ್ಲ ಎಂದಿತು ಕಂಪ್ಯೂಟರು. ಎಲಾ ಇದರ! ಹಾಳುಮೂಳು ಹೆಸರನ್ನೆಲ್ಲ ಒಪ್ಪುವ ಯಂತ್ರ ನಮ್ಮ ನೂಲನ್ನು ಬೇಡವೆನ್ನುವುದೇ? ಯಾಕೆಂದು ಕೇಳಬಹುದಿತ್ತು, ಮಾಲೀಕರು ಪಕ್ಕದಲ್ಲೇ ಕೂತಿದ್ದರು. ಆದರೆ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಪ್ಪಣೆಗಳನ್ನು ಟೈಪು ಮಾಡಿ ಕೊಡುವ ಆ ಕಪ್ಪು ಪರದೆ ತೆರೆದು, ಹಾಡುಗಳನ್ನೆಲ್ಲ ಅದೇ ಹೆಸರಿಗೆ ನಕಲು ಮಾಡು ಎಂದೆ. ಈ ಸಲ ತಕರಾರಿಲ್ಲ — ನಕಲಾಯಿತು ಎಂದಿತು! ಗೆದ್ದೆ ಅಂತ ಒಬ್ಬಳೇ ನಕ್ಕೆ. ತೆರೆದು ನೋಡಲಿಲ್ಲ. ಕಾರ್ಡು ಖಾಲಿ ಮಾಡಿದೆ.

ನೀವು ಬಂದು "ಒಂದು ಹಾಡು ಹಾಕವ್ವ, ಕೇಳಾಣ" ಅಂದಾಗ... ಎಲ್ಲಿ ಹುಡುಕಿದರೂ ಇಲ್ಲ.

"ಕಾರ್ಡೇ ಕೆಟ್ಟೈತೆ ಕಣಕ್ಕ. ಫೋನ್ ಯಾರಾದ್ರೂ ಬೀಳಿಸಿದ್ರಾ?" ಎಂದುಬಿಟ್ಟೆ.

"ನಮ್ಮ ಗೀತಾ ಬೀಳಿಸಿದ್ಲು... ಅಯ್ಯೋ ಮುಂಡೇದೇ" ಎಂದು ಅಲ್ಲೇ ಅತ್ತಿರಿ. ಕೆಟ್ಟ ಕಾರ್ಡು ಯಾಕೆಂದು ಅಂಗಡಿ ಮುಂದಿನ ಚರಂಡಿಗೆ ಎಸೆದಿರಿ. ನಾನು ನೋಡುತ್ತಾ ನಿಂತಿದ್ದೆ.

ಆ ಹಾಡುಗಳು ಹೋದವಾದರೂ ಎಲ್ಲಿಗೆ? ಈ ಕುತೂಹಲ ನನ್ನನ್ನು ಬಿಡಲಿಲ್ಲ. ಹುಡುಕಿ ಹುಡುಕಿ ಓದಿದೆ. ನಾನು ಒತ್ತಿದ ಆ ಮೂರಕ್ಷರ, ಕಂಪ್ಯೂಟರು ಹಳೇ ಕಾಲದಿಂದ ತನಗೇ ಕಾದಿಟ್ಟುಕೊಂಡ ಹೆಸರಂತೆ. ಪ್ರಿಂಟರಿಗೊಂದು ಹೆಸರಿರುವ ಹಾಗೆ ಅದೂ ಒಂದು ಸಾಧನದ ಹೆಸರು — ಆದರೆ ಅಂಥ ಸಾಧನವೇ ಇಲ್ಲ! ಬೇಡದ್ದನ್ನು ಸುರಿಯಲೆಂದೇ ಮಾಡಿದ ತಳವಿಲ್ಲದ ಗುಂಡಿ. ಏನು ಸುರಿದರೂ ಆಯಿತು ಎನ್ನುತ್ತದೆ, ಏನನ್ನೂ ಇಟ್ಟುಕೊಳ್ಳುವುದಿಲ್ಲ. ಆಹಾ, ಎಂಥ ಬುದ್ಧಿವಂತಿಕೆ ಎಂದು ಒಂದು ಗಳಿಗೆ ಖುಷಿಯಾಯಿತು. ಖುಷಿಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು.

ಅಲ್ಲಿಗೇ ಓದು ನಿಲ್ಲಿಸಿದ್ದರೆ ತಿಳಿಯದೇ ಮಾಡಿದ ತಪ್ಪು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ... ನಿಲ್ಲಿಸಲಿಲ್ಲ. ಕಾರ್ಡಿನಲ್ಲಿ ಅಳಿಸಿದ್ದು ಕೂಡಲೇ ಹೋಗುವುದಿಲ್ಲವಂತೆ, ಅಕ್ಕ. ಮೊದಲು ಅಳಿಯುವುದು ಹೆಸರು ಮಾತ್ರ. ಹೊಸದೇನೂ ತುಂಬದಿದ್ದರೆ ಹಳೆಯದನ್ನು ಮತ್ತೆ ತೆಗೆಯಬಹುದಂತೆ. ನೀವು ಚರಂಡಿಗೆ ಎಸೆಯುವಾಗ ನಿಮ್ಮವ್ವನ ದನಿ ಅದರಲ್ಲೇ ಇತ್ತು. ನಾನು ನಿಜ ಹೇಳಿದ್ದರೆ...

ಗೀತಾ ಇವತ್ತಿಗೂ ನಿಮ್ಮ ಫೋನ್ ಮುಟ್ಟಲು ಹೆದರುತ್ತಾಳೆಂದು ಕೇಳಿದೆ. ಭಾನುವಾರ ಬರುತ್ತೇನೆ. ಅವಳನ್ನೂ ಎದುರಿಗೆ ಕೂರಿಸಿಕೊಳ್ಳಿ, ಮೊದಲು ಅವಳಿಗೆ ಹೇಳಬೇಕು.