ಆಗ್ನೆಸ್ ಸತ್ತ ಊರಿಗೆ ಎರಡು ದಿನ

ನಾವಿರುವ ಹ್ಯಾಮಿಲ್ಟನ್‌ನಿಂದ ಬೆಳಿಗ್ಗೆ ಆರೂವರೆಗೆ ವಿಮಾನವಿತ್ತು. ಕಾರಿನಲ್ಲಿ ಚೀಲ ಇಡುವಾಗಲೇ ನಮ್ಮ ಮನೆಯವರು ಶುರು ಹಚ್ಚಿಕೊಂಡರು. "ಮಂದಿ ರಜಾ ಹಾಕಿ ಕ್ವೀನ್ಸ್‌ಟೌನ್ ನೋಡಾಕ ಹೋಗ್ತಾರ. ನೀ ನೋಡಿದ್ರ ನೂರಾಮೂವತ್ತು ವರ್ಷದ ಹಿಂದ ಸತ್ತಾಕಿ ಕಾಗದ ಓದಾಕ ಹೊಂಟಿ. ನಿನಗೇನರ ತಲಿ ಕೆಟ್ಟೈತೇನ?"

"ಕೆಟ್ಟಿದ್ದಕ್ಕ ನಿಮ್ಮನ್ನ ಕಟಗೊಂಡೇನಿ. ಸುಮ್ನ ಗಾಡಿ ಹೊಡೀರಿ," ಎಂದೆ. ದಾರಿಯಲ್ಲಿ ಜೋನ್‌ರನ್ನು ಅವರ ಮನೆಯಿಂದ ಹತ್ತಿಸಿಕೊಂಡೆವು. ನಮ್ಮಿಬ್ಬರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ನಮ್ಮ ಮನೆಯವರು ಮರಳಿದರು.

ಜೋನ್‌ಗೆ ಈಗ ಎಪ್ಪತ್ತನಾಲ್ಕು. ಹದಿನೆಂಟು ವರ್ಷದ ಹಿಂದೆ ನಾನು ಇಲ್ಲಿಯ ಆಸ್ಪತ್ರೆಯಲ್ಲಿ ವೃದ್ಧರ ವಾರ್ಡಿನ ಡಾಕ್ಟರಾಗಿ ಸೇರಿದಾಗ ಅವರು ಅಲ್ಲಿ ಗುಮಾಸ್ತೆಯಾಗಿದ್ದರು. ಈ ದೇಶದಲ್ಲಿ ಬ್ಯಾಚ್ ಎಂದರೆ ಸಮುದ್ರದ ದಂಡೆಯ ರಜೆಮನೆ, ಡೇರಿ ಎಂದರೆ ಹಾಲಿನ ಕೇಂದ್ರವಲ್ಲ, ಮೂಲೆಯ ಕಿರಾಣಿ ಅಂಗಡಿ ಎಂದೆಲ್ಲ ನನಗೆ ಕಲಿಸಿದವರು ಅವರೇ. ನಾನು ತಪ್ಪಿದಾಗ ಎಲ್ಲರೆದುರು ನಗದೆ, ಆಮೇಲೆ ಲಿಫ್ಟಿನಲ್ಲಿ ಹೇಳುತ್ತಿದ್ದರು. ಅಂಥವರು ಒಂದು ಕೆಲಸ ಕೇಳಿದರೆ ಇಲ್ಲವೆನ್ನುವುದು ಹೇಗೆ?

ಕೆಲಸ ಇಷ್ಟೇ. ಜೋನ್‌ರ ಮುತ್ತಜ್ಜಿ ಆಗ್ನೆಸ್ ಎಂಬಾಕೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಈ ದೇಶದ ದಕ್ಷಿಣ ದ್ವೀಪದ ತುದಿಯ ಸೌತ್‌ಲ್ಯಾಂಡಿನ ಒಂದು ಹಳ್ಳಿಯಲ್ಲಿ ಸತ್ತಳು. ಕುಡಿದು ಮೆಟ್ಟಿಲಿಂದ ಬಿದ್ದಳೆಂದು ಜೋನ್‌ರ ಮನೆತನದವರ ಮಾತು. ಅವಳ ಒಬ್ಬಳೇ ಮಗಳು ಎಲೆನ್. ಎಲೆನ್ ಎಂದರೆ ಜೋನ್‌ರನ್ನು ಎತ್ತಿ ಆಡಿಸಿದ ಅಜ್ಜಿ. ಆ ಅಜ್ಜಿ ಎಂಬತ್ತು ದಾಟಿ ಬದುಕಿದರೂ ಒಮ್ಮೆಯೂ ಅಮ್ಮನ ಸುದ್ದಿ ಎತ್ತಲಿಲ್ಲವಂತೆ. ಸಾವಿನ ವಿಚಾರಣೆಯ ಕಾಗದಗಳ ನಕಲು ಆ ಊರಿನ ಪುಟ್ಟ ಮ್ಯೂಸಿಯಂನಲ್ಲಿದೆ ಎಂದು ಜೋನ್‌ಗೆ ಪತ್ರ ಬಂದಿತ್ತು.

"ಅವಳು ನಿಜವಾಗಲೂ ಕುಡುಕಿಯಾಗಿದ್ದಳಾ, ಇಲ್ಲಾ ಯಾರಾದರೂ ಬಡಿದು ಕೊಂದರಾ? ಸಾಯೋದರೊಳಗೆ ನನಗೆ ಅದು ಗೊತ್ತಾಗಬೇಕು ಶೈಲಾ. ನೀನು ಇಂಥ ಕಾಗದ ಓದಿದವಳು," ಎಂದಿದ್ದರು. ಹೌದು, ಓದಿದವಳು, ಬರೆದವಳೂ ಕೂಡ. ಇಲ್ಲಿಗೆ ಬರುವ ಮೊದಲು ಗದಗಿನ ಕಡೆ ತಾಲೂಕು ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಇದ್ದೆ. ಹೆರಿಗೆಯೂ ನನ್ನದೇ, ಪೋಸ್ಟ್‌ಮಾರ್ಟಮ್ಮೂ ನನ್ನದೇ.

ಕ್ರೈಸ್ಟ್‌ಚರ್ಚ್‌ನಲ್ಲಿ ವಿಮಾನ ಬದಲಿಸಿ ಇನ್ವರ್ಕಾರ್ಗಿಲ್ ಮುಟ್ಟಿದಾಗ ಹನ್ನೊಂದೂವರೆ. ಹೋಗಿಬರುವ ಟಿಕೆಟ್ ತಲೆಗೆ ನಾನೂರ ಎಂಬತ್ತು ಡಾಲರ್. ಏಪ್ರಿಲ್ ತಿಂಗಳು, ಬಿಸಿಲಿತ್ತು, ಆದರೆ ಗಾಳಿ! ಅಂಟಾರ್ಟಿಕಾದಿಂದ ನೇರ ಹೊರಟು ನನ್ನ ಕಿವಿಯನ್ನೇ ಹುಡುಕಿಕೊಂಡು ಬಂದಂತಿತ್ತು. ಅವತ್ತು ಮ್ಯೂಸಿಯಂ ಮುಚ್ಚಿತ್ತು. ಹೊಸಪೇಟೆಯ ನರ್ಸ್ ಶಬಾನಾಳ ಮನೆಯಲ್ಲಿ ಉಳಿದೆವು. ಅವಳು ಮೊದಲು ನಮ್ಮ ವಾರ್ಡಿನಲ್ಲಿದ್ದವಳು, ಈಗ ಗಂಡನ ಕೆಲಸಕ್ಕೆಂದು ಈ ಕಡೆ ಬಂದಿದ್ದಾಳೆ.

"ಬರ್ರಿ ಅಕ್ಕಾ, ಹೀಟ್ ಪಂಪ್ ಆನ್ ಮಾಡೀನಿ. ಇಲ್ಲಿ ಥಂಡಿಗೆ ನಮ್ಮ ಯೂಟ್ ಗಾಡಿ ಸೈತ ಬೆಳಿಗ್ಗೆ ಸ್ಟಾರ್ಟ್ ಆಗಂಗಿಲ್ಲ ನೋಡ್ರಿ," ಎಂದು ಬಿಸಿ ಚಹಾ ಕೊಟ್ಟಳು. ಅವಳ ಆರು ವರ್ಷದ ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಊಟಕ್ಕೆ ರೊಟ್ಟಿ ಮಾಡಿದ್ದಳು, ಪುಂಡಿಪಲ್ಯದ ಸೊಪ್ಪು ಸಿಗದಿದ್ದರೂ ಪಾಲಕ್‌ನಲ್ಲೇ ಅದರ ರುಚಿ ತರಿಸಿದ್ದಳು. ಜೋನ್ ಮೂರು ರೊಟ್ಟಿ ತಿಂದರು.

ಮರುದಿನ ಬಾಡಿಗೆ ಕಾರಿನಲ್ಲಿ ಎಪ್ಪತ್ತು ಕಿಲೋಮೀಟರ್ ಹೋದೆವು. ಎರಡೂ ಕಡೆ ಕುರಿ, ಹಸು, ಗಾಳಿಗೆ ಒಂದೇ ಮಗ್ಗುಲಿಗೆ ಬಾಗಿ ನಿಂತ ಮರಗಳ ಬೇಲಿ. ಜೋನ್ ದಾರಿಯುದ್ದಕ್ಕೂ ಕೈಚೀಲದ ಜಿಪ್ ಎಳೆಯುವುದು, ಹಾಕುವುದು ಮಾಡುತ್ತಿದ್ದರು.

ಮ್ಯೂಸಿಯಂ ಎಂದರೆ ಹಳೆಯ ಶಾಲೆಯ ಎರಡು ಕೋಣೆ. ಬಾಗಿಲು ತೆರೆದವರು ಕಾಲಿನ್ ಎಂಬ ಮುದುಕರು, ಕುರಿ ಸಾಕಿ ನಿವೃತ್ತರಾದವರು. ಈ ಕಡೆಯವರು ರ ಅಕ್ಷರವನ್ನು ನಮ್ಮ ಹಾಗೆಯೇ ಉರುಳಿಸುತ್ತಾರೆ. ಕೇಳಿ ನನಗೆ ಖುಷಿಯಾಯಿತು. ಅವರು ಕಡತ ಮೇಜಿನ ಮೇಲಿಟ್ಟು, "ವೈದ್ಯನ ಬರಹ ನಮಗಾರಿಗೂ ಬಗೆಹರಿದಿಲ್ಲ ನೋಡಿ," ಎಂದರು. "ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರ ಬರಹ ಓದಿದವಳು ನಾನು. ಇದು ಮುತ್ತು ಪೋಣಿಸಿದಂತಿದೆ," ಎಂದು ಕನ್ನಡಕ ಏರಿಸಿದೆ.

ಓದುತ್ತ ಹೋದಂತೆ ನಮ್ಮ ಪಂಚನಾಮೆಯೇ ಕಣ್ಣಮುಂದೆ ಬಂತು. ಅಲ್ಲಿ ಐದು ಜನ ಪಂಚರು, ಇಲ್ಲಿ ಹನ್ನೆರಡು ಜನ ಜ್ಯೂರಿ. ಊರಿನ ಹೋಟೆಲಿನಲ್ಲಿ ವಿಚಾರಣೆ. ಹಿಂದಿನ ಕೊಟ್ಟಿಗೆಯಲ್ಲಿ ಕಿತ್ತ ಬಾಗಿಲಿನ ಮೇಲೆ ಆಗ್ನೆಸ್‌ಳನ್ನು ಮಲಗಿಸಿದ್ದರು. ಹನ್ನೆರಡೂ ಮಂದಿ ಸಾಲಾಗಿ ಹೋಗಿ ನೋಡಿ ಬಂದು ಸಹಿ ಹಾಕಿದ್ದರು. ಎಲ್ಲರೂ ಅಕ್ಕಪಕ್ಕದವರು, ಅವಳ ಗಂಡನ ಜೊತೆ ಕುರಿಯ ಉಣ್ಣೆ ಕತ್ತರಿಸುವವರು. ತೀರ್ಪು: ಅಮಲಿನಲ್ಲಿ ಬಿದ್ದು ಸಾವು.

ಆದರೆ ವೈದ್ಯ ನೋಡಿದ್ದನ್ನೆಲ್ಲ ಪ್ರಾಮಾಣಿಕವಾಗಿ ಬರೆದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಎರಡೂ ಮುಂಗೈಗಳ ಹೊರಬದಿಯಲ್ಲಿ ನೀಲಿ, ಹಸಿರು, ಹಳದಿ ಮೂಕಪೆಟ್ಟುಗಳು. ಮೊದಲೇ ಮುರಿದು ಕೂಡಿಕೊಂಡ ಎರಡು ಪಕ್ಕೆಲುಬು. ಹೊಟ್ಟೆಯಲ್ಲಿ ಓಟ್ಸ್ ಗಂಜಿ, ಹೆಂಡದ ವಾಸನೆ ಇಲ್ಲ. ಎರಡು ಸಲ ಓದಿದೆ. ಜ್ಯೂರಿಯವರು ಅವನನ್ನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ.

"ಜೋನ್, ಅವಳು ಅವತ್ತು ಕುಡಿದಿರಲಿಲ್ಲ," ಎಂದೆ. "ಕೈ ಅಡ್ಡ ಹಿಡಿದು ಏಟು ತಡೆದುಕೊಂಡಿದ್ದಾಳೆ. ಒಂದು ದಿನವಲ್ಲ, ಎಷ್ಟೋ ದಿನ. ಕೊನೆಯ ಏಟು ಯಾರದು ಅಂತ ಕಾಗದದಲ್ಲಿಲ್ಲ, ನಾನು ಹೇಳಲಾರೆ."

ಜೋನ್ ಬಾಯಿಗೆ ಕೈ ಅಡ್ಡ ಹಿಡಿದು ಕೂತರು. ಕಣ್ಣಲ್ಲಿ ನೀರು ಬಂದರೂ ಮುಖದಲ್ಲಿ ನೆಮ್ಮದಿಯಿತ್ತು. ಅಷ್ಟಕ್ಕೇ ಕಡತ ಮುಚ್ಚಿದ್ದರೆ ಚೆನ್ನಾಗಿತ್ತು. ಕೊನೆಯ ಹಾಳೆಯನ್ನು ಜೋನ್ ತಾವೇ ತಿರುಗಿಸಿದರು. ಅದು ಗುಮಾಸ್ತನ ದುಂಡನೆಯ ಬರಹ, ಯಾರು ಬೇಕಾದರೂ ಓದಬಹುದಾದದ್ದು.

"ನನ್ನ ಹೆಸರು ಎಲೆನ್. ನನಗೆ ಏಳು ವರ್ಷ. ಅಮ್ಮ ಬಾಟಲಿಯಿಂದ ಕುಡಿದಳು. ಅಮ್ಮ ಮೆಟ್ಟಿಲಿಂದ ಬಿದ್ದಳು. ಅಪ್ಪ ಮನೆಯಲ್ಲಿರಲಿಲ್ಲ." ಕೆಳಗೆ ಒಂದು ಟಿಪ್ಪಣಿ: ತಂದೆಯ ಪಕ್ಕದಲ್ಲಿ ನಿಂತು ಹೇಳಿದ್ದು.

ಜೋನ್ ಎದ್ದು ಹೊರಗೆ ಹೋದರು. ಕಾಲಿನ್‌ಗೆ ಕೈಮುಗಿದು ನಾನೂ ಹಿಂದೆ ಓಡಿದೆ. ರಸ್ತೆಯಾಚೆ ಇದ್ದದ್ದು ಅದೇ ಹೋಟೆಲು. ವಿಚಾರಣೆ ನಡೆದ ಕೋಣೆಯಲ್ಲಿ ಈಗ ಪೂಲ್ ಟೇಬಲ್ ಇದೆ. ಬೇರೆ ಅಂಗಡಿಯೇ ಇಲ್ಲದ ಊರು, ಅಲ್ಲಿಯೇ ಕೂತೆವು. ಈ ಕಡೆಯ ಪ್ರಸಿದ್ಧ ಚೀಸ್ ರೋಲ್ ತರಿಸಿದೆ, ನಾಲ್ಕೂವರೆ ಡಾಲರ್. ಬ್ರೆಡ್ ಸ್ಲೈಸಿಗೆ ಚೀಸ್ ಹಚ್ಚಿ ಸುರುಳಿ ಸುತ್ತಿ ಸುಟ್ಟದ್ದು, ಮೇಲೆ ಬೆಣ್ಣೆ. ಜೋನ್ ಮುಟ್ಟಲಿಲ್ಲ.

"ನನ್ನ ಅಜ್ಜಿಯೇ ಹೇಳಿದಳು," ಎಂದರು. "ಅಮ್ಮನನ್ನ ಕುಡುಕಿ ಮಾಡಿದ್ದು ಅವಳೇ. ಹತ್ತಿರ ಹತ್ತಿರ ಎಂಬತ್ತು ವರ್ಷ ಅದನ್ನ ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಸ್ಕೋನ್ ಮಾಡಿ ತಿನ್ನಿಸಿದಳು. ಯಾಕೆ ಸುಳ್ಳು ಹೇಳಿದಳು ಶೈಲಾ?"

ನನಗೆ ಸಿಟ್ಟು ಬಂತು. ಜೋನ್ ಮೇಲಲ್ಲ. "ಏಳು ವರ್ಷದ ಕೂಸು ಜೋನ್! ಪಕ್ಕದಲ್ಲಿ ಅಪ್ಪ ನಿಂತಿದ್ದಾನೆ. ಅವತ್ತು ಸಂಜೆ ಅವನ ಜೊತೆಯೇ ಮನೆಗೆ ಹೋಗಬೇಕು. ಮತ್ತೇನು ಹೇಳುತ್ತೆ? ತಪ್ಪು ಕೂಸಿನದಲ್ಲ, ಕೇಳಿದವರದು. ಮೊದಲು ಅಪ್ಪನನ್ನ ಹೊರಗೆ ಕಳಿಸಿ ಆಮೇಲೆ ಕೇಳಬೇಕಿತ್ತು. ಅಷ್ಟೂ ತಿಳಿಯಲಿಲ್ಲವಾ ವಿಚಾರಣೆ ನಡೆಸಿದ ಆ ಮನುಷ್ಯನಿಗೆ?"

ಮಾತು ಬಾಯಿಂದ ಹೊರಬಿದ್ದ ಮೇಲೆ ನನ್ನದೇ ಕಿವಿಗೆ ತಟ್ಟಿತು. ಜೋನ್ ಸಮಾಧಾನಗೊಂಡು ನನ್ನ ತೋಳು ಸವರುತ್ತಿದ್ದರು. ನಾನು ಚಹಾದ ಕಪ್ಪು ಕೆಳಗಿಟ್ಟೆ.

"ನಾನೂ ಕಳಿಸಲಿಲ್ಲ," ಎಂದೆ.

ಏನೆಂದು ಅವರಿಗೆ ತಿಳಿಯಲಿಲ್ಲ. ಹೇಳಿದೆ. ತಾಲೂಕು ಆಸ್ಪತ್ರೆಯಲ್ಲಿ ನನ್ನ ಎರಡನೆಯ ವರ್ಷ. ಇಪ್ಪತ್ತೆರಡರ ಸೊಸೆಯೊಬ್ಬಳನ್ನು ಸುಟ್ಟ ಮೈಯಲ್ಲಿ ತಂದಿದ್ದರು. ಹೇಳಿಕೆ ಬರೆದುಕೊಳ್ಳಲು ಪೊಲೀಸ್ ಜಮಾದಾರರು ಬಂದರು. ಮಾತಾಡುವ ಸ್ಥಿತಿಯಲ್ಲಿದ್ದಾಳೆ ಎಂದು ನಾನು ಸರ್ಟಿಫಿಕೇಟ್ ಕೊಟ್ಟೆ. ತಲೆದೆಸೆಯಲ್ಲಿ ಅತ್ತೆ ನಿಂತಿದ್ದಳು, ಸೊಸೆಯ ಒಂದು ವರ್ಷದ ಮಗುವನ್ನು ಎತ್ತಿಕೊಂಡು. ಹುಡುಗಿ ಆ ಮಗುವನ್ನೇ ನೋಡುತ್ತ, ಸ್ಟೋವ್ ಸಿಡಿಯಿತು ಎಂದಳು. ಅತ್ತೆಗೆ ಹೊರಗೆ ಹೋಗು ಎನ್ನಲು ನನಗೆ ಒಂದು ನಿಮಿಷ ಸಾಕಿತ್ತು. ಹೊರಗೆ ಎಂಬತ್ತು ಜನ ರೋಗಿಗಳ ಸಾಲು ಕಾಯುತ್ತಿತ್ತು. ಸಹಿ ಹಾಕಿ ಎದ್ದುಹೋದೆ. ಹುಡುಗಿ ಮರುದಿನ ತೀರಿಕೊಂಡಳು.

ಜೋನ್ ಎದ್ದರು. ಹಾಗೇ ಸ್ಮಶಾನಕ್ಕೆ ಹೋದೆವು, ಊರಾಚೆ ಗುಡ್ಡದ ಮೇಲೆ. ಮನೆತನದವರಿಗೆಲ್ಲ ಕಲ್ಲುಗಳಿದ್ದವು. ಆಗ್ನೆಸ್‌ಳದು ಬೇಲಿಯ ಪಕ್ಕ, ಬರೀ ಹುಲ್ಲು, ನಂಬರು ಬರೆದ ಒಂದು ಗೂಟ. ಜೋನ್ ಮಂಡಿ ನೋವಿದ್ದರೂ ಕೂತು, ಒಂದು ಕೈಯನ್ನು ಹುಲ್ಲಿನ ಮೇಲಿಟ್ಟು ಸುಮಾರು ಹೊತ್ತು ತಮ್ಮಷ್ಟಕ್ಕೆ ಏನೋ ಹೇಳಿಕೊಂಡರು. ಎಲೆನ್ ಹೆಸರು ಎರಡು ಸಲ ಕೇಳಿಸಿತು. ನಾನು ದೂರ ನಿಂತಿದ್ದೆ. ಕೈ ಮಾಡಿ ಕರೆದರು. ಹೋಗಿ ಪಕ್ಕದಲ್ಲಿ ಕೂತೆ.

"ಹೌದು," ಎಂದರು ಜೋನ್. "ನೀನು ಆ ಅತ್ತೆಯನ್ನ ಹೊರಗೆ ಕಳಿಸಬೇಕಿತ್ತು."

ಇಷ್ಟು ವರ್ಷ ನಾನು ಇದನ್ನು ಹೇಳಿದ್ದು ಒಬ್ಬರಿಗೆ, ನಮ್ಮ ಮನೆಯವರಿಗೆ. ನೀ ಏನ್ ಮಾಡಾಕ ಆಕ್ಕಿತ್ತು ಬಿಡು ಎಂದಿದ್ದರು. ಪ್ರೀತಿಯಿಂದಲೇ ಅಂದದ್ದು. ಆದರೆ ಹೌದು ಎಂದವರು ಜೋನ್ ಒಬ್ಬರೇ. ಅಳು ತಡೆಯಲಾಗಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡು ಕೇಳಿದರು, "ಆ ಹುಡುಗಿಯ ಹೆಸರೇನು?"

"ರೇಣುಕಾ."

ಜೋನ್ ಮೂರು ಸಲ ಹೇಳಿ ಸರಿಮಾಡಿಕೊಂಡರು. ಆಮೇಲೆ, "ಇಲ್ಲಿ ನಾನು ನೀನು ಬಿಟ್ಟರೆ ಯಾರೂ ಇಲ್ಲ. ಈಗ ಹೇಳು ಶೈಲಾ, ರೇಣುಕಾ ಹೇಗೆ ಸತ್ತಳು?" ಎಂದರು.

ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಹುಲ್ಲು ನೋಡುತ್ತ ಕನ್ನಡದಲ್ಲೇ ಹೇಳಿದೆ. "ಸ್ಟೋವ್ ಸಿಡಿದಿರಲಿಲ್ಲ. ಆಕಿ ತಲಿಗೂದಲು ಬುಡದಿಂದ ಸೀಮೆಎಣ್ಣಿಯೊಳಗ ತೊಯ್ದಿತ್ತು. ಯಾರೋ ಮ್ಯಾಲಿಂದ ಸುರುವಿದ್ರು. ನಾ ಕೈಯಾರೆ ಮುಟ್ಟಿ ನೋಡಿದ್ದೆ. ಬರೀಲಿಲ್ಲ."

ಜೋನ್‌ಗೆ ಒಂದಕ್ಷರವೂ ತಿಳಿಯಲಿಲ್ಲ. ನಾನು ಮುಗಿಸುವ ತನಕ ನನ್ನ ಮುಖವನ್ನೇ ನೋಡುತ್ತ ಪೂರ್ತಿ ಕೇಳಿದರು.