ಸಬಿಹಾಳ ಸೂಜಿ

ಹೇಜಲ್‌ನಟ್ ಬೆಳೆಗಾರರ ಸಂಘದ ಹೆಣ್ಣುಮಕ್ಕಳ ವಾಲಿಬಾಲ್ ತಂಡದಲ್ಲಿ ಯಾರು ಬಂದರೂ, ಯಾರು ಹೋದರೂ, ಹನ್ನೊಂದು ವರ್ಷದಿಂದ ಕದಲದೆ ಉಳಿದವಳು ಸಬಿಹಾ ಒಬ್ಬಳೇ. ಅವಳು ಆಡಿದವಳಲ್ಲ. ಹದಿನಾಲ್ಕು ಶರ್ಟು ಒಗೆಯುವವಳು, ಹರಿದದ್ದನ್ನು ಹೊಲಿಯುವವಳು, ಚೆಂಡಿಗೆ ಗಾಳಿ ತುಂಬುವವಳು, ಸೋತು ಬಂದವರಿಗೆ ಚಹಾ ಕೊಟ್ಟು ಬೈಯುವವಳು. ಅದಕ್ಕೂ ಮುಂಚೆ ಇದೇ ಸಂಘದ ಗೋದಾಮಿನಲ್ಲಿ ಕಾಯಿ ಆರಿಸುತ್ತಿದ್ದಳು. ಹುಳುಕು ಕಾಯಿ ಕಣ್ಣಿಗಿಂತ ಮೊದಲು ತನ್ನ ಬೆರಳಿಗೇ ಗೊತ್ತಾಗುತ್ತದೆ ಎಂದು ಈಗಲೂ ಕೊಚ್ಚಿಕೊಳ್ಳುತ್ತಾಳೆ. ತಲೆಗೆ ಹೂವಿನ ಸ್ಕಾರ್ಫು, ಐದು ಹೊತ್ತಿನ ನಮಾಜು, ನಡುನಡುವೆ ಬಾಯಿತುಂಬ ಬೈಗುಳ. ಕಪ್ಪು ಸಮುದ್ರದ ಗಾಳಿ ಕುಡಿದವರು ಮೆತ್ತಗೆ ಮಾತಾಡಿದ್ದನ್ನು ಯಾರೂ ಕಂಡಿಲ್ಲ ಬಿಡಿ.

ಅವಳ ಹೆಮ್ಮೆಯೆಂದರೆ ನಾಯಕಿಯ ಪಟ್ಟಿ. ವಾಲಿಬಾಲಿನಲ್ಲಿ ನಾಯಕಿ ಯಾರೆಂದು ಗೊತ್ತಾಗಲು ಅವಳ ಎದೆಯ ನಂಬರಿನ ಕೆಳಗೆ ಬೆರಳುದ್ದದ ಬಿಳಿ ಪಟ್ಟಿ ಇರಬೇಕು. ಮಿಕ್ಕ ತಂಡಗಳವರು ಟೇಪು ಅಂಟಿಸುತ್ತಾರೆ. ಸಬಿಹಾ ಹೊಲಿಯುತ್ತಾಳೆ. ಹೊಲಿಯುವುದಕ್ಕೂ ಅವಳದೊಂದು ನೇಮವಿದೆ. ಮೈಮೇಲಿರುವ ಬಟ್ಟೆಗೆ ಸೂಜಿ ಹಾಕುವಾಗ, ತೊಟ್ಟವಳು ದಾರದ ತುಂಡೊಂದನ್ನು ಹಲ್ಲಲ್ಲಿ ಕಚ್ಚಿಕೊಂಡಿರಬೇಕು. ಇಲ್ಲದಿದ್ದರೆ ಅವಳ ಮೇಲೆ ಇಲ್ಲದ ಅಪವಾದ ಬರುತ್ತದೆ ಎಂದು ಅಲ್ಲಿನ ಅಜ್ಜಿಯರೆಲ್ಲ ಹೇಳಿಕೊಟ್ಟ ಮಾತು. ಹುಡುಗಿಯರು ನಗುತ್ತಲೇ ಕಚ್ಚುತ್ತಿದ್ದರು. ಕಚ್ಚದಿದ್ದರೆ ಸಬಿಹಾ ಸೂಜಿ ಎತ್ತುತ್ತಿರಲಿಲ್ಲ.

ಅಪವಾದ ಬಂದದ್ದು ಮಾತ್ರ ಸೂಜಿಯಿಂದಲ್ಲ, ಫೋಟೋದಿಂದ. ಒಂಬತ್ತನೇ ನಂಬರಿನ ಇಲ್ಕಾಯ್, ಆರಡಿ ಎತ್ತರದವಳು, ಬಲೆಯ ಮುಂದೆ ಎರಡು ಕೈ ಎತ್ತಿ ನಿಂತರೆ ಗೋಡೆ. ಅವಳು ಮಾರ್ಚಿನ ಎರಡನೇ ವಾರ ತನ್ನ ಹುಟ್ಟುಹಬ್ಬದ ದಿನ ಟ್ರಾಬ್ಜೋನಿನ ನರ್ಸ್ ಹುಡುಗಿಯೊಬ್ಬಳ ಹೆಗಲ ಮೇಲೆ ತಲೆಯಿಟ್ಟ ಫೋಟೋ ಹಾಕಿ, ಕೆಳಗೆ 'ನನ್ನವಳು, ಐದು ವರ್ಷ' ಎಂದು ಬರೆದಳು. ಸಂಜೆಯ ಹೊತ್ತಿಗೆ ಚಹಾದಂಗಡಿಯ ಪ್ರತಿ ಮೇಜಿನ ಮೇಲೂ ಆ ಫೋಟೋ ಇತ್ತು. ಶುಕ್ರವಾರದ ಪ್ರಾರ್ಥನೆ ಮುಗಿಸಿ ಬಂದವರು ಸಂಘದ ಬಾಗಿಲಲ್ಲಿ ನಿಂತು ಕೂಗಾಡಿದರು. ತಂಡದ ವ್ಯವಸ್ಥಾಪಕ ರಹ್ಮಿ ಬೆಯ್, ಅಂದರೆ ರಹ್ಮಿ ಸಾಹೇಬ, ಅವಳನ್ನು ಕರೆಸಿ, "ತಮಾಷೆಗೆ ಹಾಕಿದ್ದು ಅಂತ ಒಂದು ಸಾಲು ಬರೆದುಬಿಡು, ಮುಗೀತು" ಎಂದ. ಇಲ್ಕಾಯ್ ಬರೆಯಲಿಲ್ಲ.

ಸಬಿಹಾ ಆಗ ಏನು ಮಾಡಿದಳು ಎಂಬುದನ್ನು ಮುಚ್ಚಿಡುವುದು ಬೇಡ. ಆ ವಾರ ಅವಳು ಇಲ್ಕಾಯಳ ಶರ್ಟನ್ನು ಬೇರೆ ಬಕೆಟ್ಟಿನಲ್ಲಿ ಒಗೆದಳು. ಯಾರೂ ಹೇಳಿರಲಿಲ್ಲ. ಹದಿಮೂರು ಶರ್ಟು ಒಂದು ಹಗ್ಗದ ಮೇಲೆ, ಒಂದು ಶರ್ಟು ಕಿಟಕಿಯ ಮೊಳೆಯ ಮೇಲೆ. ಇಲ್ಕಾಯ್ ಬಂದು ಮೊಳೆಯಿಂದ ಅದನ್ನು ತೆಗೆದುಕೊಂಡು, ಸ್ವಲ್ಪ ಹೊತ್ತು ನೋಡಿ, "ಅಕ್ಕಾ, ನನ್ ಬೆವರು ಬಣ್ಣ ಬಿಡುತ್ತಾ?" ಎಂದು ಕೇಳಿದಳು.

ಸಬಿಹಾ ಬಕೆಟ್ಟಿನ ನೀರು ಚೆಲ್ಲಿ ಬೆನ್ನು ತಿರುಗಿಸಿದಳು. ಅವಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಆ ಸಿಟ್ಟು ಯಾರ ಮೇಲೆಂದು ತಿಳಿಯಲಿಲ್ಲ. ಹರಾಮು ಹರಾಮೇ ಎಂದು ತನಗೆ ತಾನೇ ಹೇಳಿಕೊಂಡಳು. ಎರಡು ವಾರ ಇಬ್ಬರೂ ಮಾತಾಡಲಿಲ್ಲ.

ಮಾರ್ಚಿನ ಕೊನೆಯ ಶನಿವಾರ ಕೊನೆಯ ಪಂದ್ಯ. ಗೆದ್ದರೆ ಲೀಗಿನಲ್ಲಿ ಉಳಿವು, ಸೋತರೆ ಕೆಳಗಿನ ಲೀಗಿಗೆ. ಮೂರು ಗಂಟೆಗೆ ಆಟ, ಎರಡೂ ಐವತ್ತರೊಳಗೆ ಆಟಗಾರ್ತಿಯರ ಹೆಸರಿನ ಹಾಳೆ ರೆಫರಿಯ ಕೈಸೇರಬೇಕು. ಅದರ ಮೇಲೆ ಕೋಚ್ ಮತ್ತು ನಾಯಕಿ ಇಬ್ಬರ ಸಹಿಯೂ ಇರಬೇಕು. ಹಾಳೆಯಲ್ಲಿ ಹೆಸರಿಲ್ಲದವಳು ಅಂಕಣಕ್ಕೆ ಕಾಲಿಡುವ ಹಾಗಿಲ್ಲ.

ಎರಡೂವರೆಗೆ ರಹ್ಮಿ ಬೆಯ್ ಆ ಹಾಳೆ ಹಿಡಿದು ಹುಡುಗಿಯರ ಕೋಣೆಗೆ ಬಂದ. ಹಿಂದೆ ಕೋಚ್ ವೇದಾತ್. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಬೆನ್ನುಮೂಳೆಯೊಂದು ಮಾತ್ರ ಸ್ವಲ್ಪ ಮೆತ್ತಗೆ. ಅವರು ಆಗಲೇ ಸಹಿ ಹಾಕಿಯಾಗಿತ್ತು.

"ಸೆರ್ಪಿಲ್, ನೀನೂ ಹಾಕಮ್ಮ," ಎಂದ ರಹ್ಮಿ.

ನಾಯಕಿ ಸೆರ್ಪಿಲ್ ವಾರವಿಡೀ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು, ಓದದೆ ಸಹಿ ಹಾಕುವವಳಲ್ಲ. ಬೆರಳಿಟ್ಟು ಓದಿದಳು. "ಇದರಲ್ಲಿ ಹದಿಮೂರೇ ಇದೆ. ಒಂಬತ್ತು ಎಲ್ಲಿ?"

"ಇಲ್ಕಾಯ್‌ಗೆ ಹುಷಾರಿಲ್ಲ."

ಮೂಲೆಯ ಬೆಂಚಿನ ಮೇಲೆ ಇಲ್ಕಾಯ್ ಮನೆಯ ಬಟ್ಟೆಯಲ್ಲೇ ಕೂತಿದ್ದಳು. ಬೆಳಿಗ್ಗೆಯೇ ಅವಳಿಗೆ ಶರ್ಟು ಹಾಕಬೇಡ ಎಂದು ಹೇಳಿಯಾಗಿತ್ತು. "ನಂಗೇನಾಗಿದೆ? ಗುಂಡುಕಲ್ಲಿನ ಹಂಗಿದೀನಿ," ಎಂದಳು.

"ಅವಳೇ ಹೇಳ್ತಿದಾಳಲ್ಲ ರಹ್ಮಿ ಬೆಯ್," ಎಂದಳು ಸೆರ್ಪಿಲ್. "ಹೆಸರು ಬರೀರಿ, ಸಹಿ ಹಾಕ್ತೀನಿ."

"ನೋಡು, ಹೊರಗೆ ಅಧ್ಯಕ್ಷರು ಕೂತಿದಾರೆ, ಪಕ್ಕದಲ್ಲಿ ಅಂಕಾರಾದಿಂದ ಬಂದ ನೆಂಟರು. ಗ್ಯಾಲರಿ ತುಂಬಿದೆ. ಇವಳು ಒಳಗೆ ಬಂದರೆ ಕಿರುಚಾಡ್ತಾರೆ. ಇವಳ ಒಳ್ಳೇದಕ್ಕೇ ಹೇಳ್ತಿದೀನಿ."

"ನನ್ನ ಒಳ್ಳೇದು ನಂಗ್ ಬಿಡಿ," ಎಂದಳು ಇಲ್ಕಾಯ್.

ರಹ್ಮಿಯ ಕುತ್ತಿಗೆ ಕೆಂಪಾಯಿತು. "ಸರಿ. ಸಹಿ ಹಾಕದೆ ಇರೋಳು ನಾಯಕಿ ಅಲ್ಲ. ಸಬಿಹಾ! ಆ ಪಟ್ಟಿ ಬಿಚ್ಚು."

ಹನ್ನೊಂದು ವರ್ಷ ಹೇಳಿದ್ದನ್ನು ಮಾಡಿಕೊಂಡು ಬಂದವಳು ಸಬಿಹಾ. ಡಬ್ಬಿಯಿಂದ ಸಣ್ಣ ಕತ್ತರಿ ತೆಗೆದಳು. ಸೆರ್ಪಿಲ್ ಕದಲಲಿಲ್ಲ, ತಡೆಯಲೂ ಇಲ್ಲ. ಕತ್ತರಿಯ ತುದಿ ಒಂದೊಂದೇ ಹೊಲಿಗೆಯನ್ನು ಕಿತ್ತಿತು. ಗೋಡೆಯಾಚೆ ಗ್ಯಾಲರಿಯಲ್ಲಿ ಡೋಲು ಬಡಿಯುವುದು ಕೇಳುತ್ತಿತ್ತು.

"ಬುರ್ಜುಗೆ ಹಾಕು," ಎಂದ ರಹ್ಮಿ.

ಸಬಿಹಾ ಪಟ್ಟಿಯನ್ನು ಸೆರ್ಪಿಲಳ ಪಕ್ಕ ನಿಂತಿದ್ದ ಬುರ್ಜುವಿನ ನಂಬರಿನ ಕೆಳಗೆ ಹಿಡಿದು, ದಾರದ ತುಂಡನ್ನು ಅವಳ ತುಟಿಯ ಹತ್ತಿರ ತಂದಳು. ಬುರ್ಜು ಬಾಯಿ ತೆರೆಯಲಿಲ್ಲ. ತುಟಿ ಬಿಗಿದುಕೊಂಡು ಎದುರಿನ ಗೋಡೆ ನೋಡುತ್ತ ನಿಂತಳು.

"ಬಾಯಿ ಬಿಡೇ," ಎಂದಳು ಸಬಿಹಾ ಮೆಲ್ಲಗೆ.

ಇಲ್ಲ.

"ಇನ್ನೊಬ್ಬಳಿಗೆ ಹಾಕು, ಸಾಯ್ಲಿ!" ಎಂದ ರಹ್ಮಿ.

ಇನ್ನೊಬ್ಬಳೂ ಬಾಯಿ ಬಿಡಲಿಲ್ಲ. ಅವಳ ಪಕ್ಕದವಳು ದಾರ ಕಂಡೊಡನೆ ತುಟಿಯನ್ನು ಒಳಗೆಳೆದುಕೊಂಡಳು. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ ಎಂದು ಸಬಿಹಾ ಆಮೇಲೆ ಆಣೆ ಮಾಡಿ ಹೇಳುತ್ತಿದ್ದಳು. ಸದಾ ಕಾಗೆಗಳ ಹಾಗೆ ಕಚಪಚ ಎನ್ನುವ ಹುಡುಗಿಯರು ಸಾಲಾಗಿ ಬಾಯಿ ಮುಚ್ಚಿ ನಿಂತಿದ್ದರು. ಇವರಿಗೆಲ್ಲ ಹೆದರಿಕೆಯಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಬ್ಬೊಬ್ಬರ ಮನೆಯಲ್ಲೂ ಸಂಘದ ಅನ್ನ ತಿನ್ನುವವರಿದ್ದರು.

"ದಾರಗೀರ ಏನೂ ಬೇಡ, ಸುಮ್ನೆ ಹೊಲಿ!"

"ದಾರ ಕಚ್ಚದೆ ಹೊಲಿಯಲ್ಲ ರಹ್ಮಿ ಬೆಯ್. ಇವತ್ತಿಂದಲ್ಲ ಅದು."

ರಹ್ಮಿ ಗಡಿಯಾರ ನೋಡಿಕೊಂಡ. ಎರಡೂ ನಲವತ್ತೆರಡು. ಅವನ ಕಣ್ಣು ಕೊನೆಯಲ್ಲಿ ನಿಂತಿದ್ದ ಎಲ್ವಾನಳ ಮೇಲೆ ಬಿತ್ತು. ಹದಿನೇಳರ ಹುಡುಗಿ, ತಂಡಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ. ಅಪ್ಪ ಸಂಘದ ಗೋದಾಮಿನ ಕಾವಲುಗಾರ.

"ಎಲ್ವಾನ್, ನಿಮ್ಮಪ್ಪ ಹೊರಗೇ ಇದಾನಲ್ಲ? ಮಗಳು ನಾಯಕಿಯಾದ್ಲು ಅಂತ ಹೇಳ್ಲೋ, ಇಲ್ಲ ಬೇರೆ ಏನಾದ್ರೂ ಹೇಳ್ಲೋ?"

ಹುಡುಗಿ ಸೆರ್ಪಿಲಳನ್ನು ನೋಡಿದಳು, ಇಲ್ಕಾಯಳನ್ನು ನೋಡಿದಳು. ಬಾಯಿ ತೆರೆದಳು.

ಇಲ್ಕಾಯ್ ತಲೆ ತಗ್ಗಿಸಿ, "ಹಾಕಿಸ್ಕೊ, ಪರವಾಗಿಲ್ಲ. ನಿನ್ನ ಮೇಲೆ ನಂಗೇನೂ ಬೇಜಾರಿಲ್ಲ ಕಣೇ," ಎಂದಳು.

ದಾರದ ತುಂಡು ಎಲ್ವಾನಳ ಹಲ್ಲಿಗೆ ಸೇರಿತು. ಸಬಿಹಾ ಬಗ್ಗಿ ಒಂದು ಹೊಲಿಗೆ ಹಾಕಿದಳು. ಎರಡನೆಯದಕ್ಕೆ ಸೂಜಿ ಎತ್ತಿದಾಗ ಹುಡುಗಿಯ ತುಟಿಯಿಂದ ನೇತಾಡುತ್ತಿದ್ದ ದಾರ ಗಡಗಡ ಅಲುಗುತ್ತಿರುವುದು ಕಂಡಿತು. ಕಣ್ಣೀರು ಇಳಿದು ಆ ದಾರವನ್ನು ಒದ್ದೆ ಮಾಡುತ್ತಿತ್ತು. ಸಬಿಹಾ ಬಗ್ಗಿದಲ್ಲೇ ಸೂಜಿ ನಿಲ್ಲಿಸಿದಳು. ಅಪವಾದ ತಟ್ಟದಿರಲಿ ಎಂದು ಕಚ್ಚಿಸುವ ದಾರವಿದು. ಈ ಮಗುವಿನ ಎದೆಯ ಮೇಲೆ ಇವತ್ತು ಅಪವಾದವನ್ನೇ ಹೊಲಿಯುತ್ತಿರುವವಳು ತಾನು. ಸೆರ್ಪಿಲ್ ಬೇಡವೆಂದಳು, ಬುರ್ಜು ಬೇಡವೆಂದಳು, ಉಳಿದವರೂ ಬೇಡವೆಂದರು. ನೀನೂ ಬೇಡವೆನ್ನುತ್ತೀಯಾ ಎಂದು ಐವತ್ತಮೂರು ವರ್ಷದ ತನ್ನನ್ನು ಯಾರೂ ಕೇಳಿಯೇ ಇರಲಿಲ್ಲ.

ಅವಳು ಹಾಕಿದ ಹೊಲಿಗೆಯನ್ನು ಎಳೆದು ತೆಗೆದಳು.

"ಉಗುಳಮ್ಮ," ಎಂದು ಎಲ್ವಾನಳ ಬಾಯಿಯ ಕೆಳಗೆ ಅಂಗೈ ಹಿಡಿದಳು. ಹುಡುಗಿ ದಾರ ಉಗುಳಿದಳು.

"ಏನಿದು?" ಎಂದ ರಹ್ಮಿ.

"ನನ್ ಕೈಲಾಗಲ್ಲ."

"ಆಗಲ್ವೋ, ಮಾಡಲ್ವೋ?"

"ಮಾಡಲ್ಲ."

ರಹ್ಮಿ ನಕ್ಕ. ಅಂಥ ಕೆಟ್ಟ ನಗು ಅವನಲ್ಲಿದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. "ಓಹೋ, ಹಾಜಮ್ಮ! ಎರಡು ವಾರದ ಹಿಂದೆ ಅವಳ ಶರ್ಟು ಮುಟ್ಟೋಕೂ ಹೇಸಿ ಬೇರೆ ಒಗೆದೋಳು ನೀನೇ ಅಲ್ವಾ? ಊರಿಗೆಲ್ಲ ಗೊತ್ತು."

ಹದಿನಾಲ್ಕು ಮುಖಗಳೂ ಅವಳತ್ತ ತಿರುಗಿದವು. ಭೂಮಿ ಬಾಯಿಬಿಟ್ಟಿದ್ದರೆ ಸಬಿಹಾ ಒಳಗಿಳಿದುಬಿಡುತ್ತಿದ್ದಳು.

"ಹೌದು," ಎಂದಳು. "ನಾನೇ. ಯಾರೂ ಹೇಳ್ಲಿಲ್ಲ, ನಾನಾಗೇ ಮಾಡ್ದೆ. ಆರು ವರ್ಷ ಆ ಹುಡುಗಿ ಬೆವರು ಒಗೆದು, ಒಂದು ಫೋಟೋ ನೋಡಿ ಅಸಹ್ಯಪಟ್ಟೆ. ನಂಗೆ ಇದೆಲ್ಲ ಇವತ್ತೂ ಅರ್ಥವಾಗಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮಾಡಿದ್ದು ತಪ್ಪು. ಆ ಪಾಪ ನಾನು ಹೊತ್ಕೊಂಡಿದೀನಿ ರಹ್ಮಿ ಬೆಯ್, ಅದರ ಮೇಲೆ ಇನ್ನೊಂದು ಹೊರಿಸ್ಬೇಡಿ."

ಬಾಗಿಲು ತಟ್ಟಿದ ಸದ್ದಾಯಿತು. "ಐದು ನಿಮಿಷ. ಹಾಳೆ?" ಎಂದು ರೆಫರಿಯ ದನಿ.

ರಹ್ಮಿ ಮೂಲೆಯಲ್ಲಿದ್ದ ಪ್ರಥಮ ಚಿಕಿತ್ಸೆಯ ಚೀಲದಿಂದ ಬಿಳಿ ಟೇಪು ಕಿತ್ತು, ಒಂದು ತುಂಡು ಹರಿದು ಎಲ್ವಾನಳತ್ತ ಹೆಜ್ಜೆಯಿಟ್ಟ. ಅಷ್ಟೇ. ಹುಡುಗಿಯರೆಲ್ಲ ಒಟ್ಟಿಗೆ ಒಂದು ಹೆಜ್ಜೆ ಮುಂದಿಟ್ಟರು. ಪರಹುಡುಗಿಯ ಎದೆಗೆ ಕೈಹಾಕುವುದೆಂದರೇನೆಂದು ಅವನಿಗೂ ಆಗ ಹೊಳೆಯಿತು. ಟೇಪನ್ನು ಬುರ್ಜುವಿನತ್ತ ಚಾಚಿದ, ಸಬಿಹಾಳತ್ತ ಚಾಚಿದ. ಯಾರ ಕೈಯೂ ಮುಂದೆ ಬರಲಿಲ್ಲ. ಟೇಪು ಅವನ ಹೆಬ್ಬೆರಳಿಗೇ ಅಂಟಿಕೊಂಡಿತು.

"ಹಾಳೆ ಹೋಗದಿದ್ರೆ ಆಡದೇನೇ ಸೋಲು," ಎಂದರು ಮೇಷ್ಟ್ರು, ಗೋಡೆಗೆ ಹೇಳುವವರಂತೆ. ಆಮೇಲೆ ಗಂಟಲು ಸರಿಮಾಡಿಕೊಂಡು ಅವನ ಕಡೆಗೇ ತಿರುಗಿದರು. "ಅಧ್ಯಕ್ಷರಿಗೆ ಏನಂತ ಹೇಳ್ತೀರಿ? ಹೆಸರು ಬರೀರಿ ರಹ್ಮಿ ಬೆಯ್."

ರಹ್ಮಿಗೆ ಅತ್ತ ದರಿ, ಇತ್ತ ಪುಲಿ. ಪೆನ್ನು ಹಾಳೆ ಹರಿಯುವಷ್ಟು ಒತ್ತಿ ಒಂಬತ್ತು ಎಂದು ಬರೆದ, ಪಕ್ಕದಲ್ಲಿ ಹೆಸರು ಬರೆದ. ಬರೆಯುತ್ತಲೇ, "ಇವತ್ತೇ ನಿನ್ನ ಕೊನೇ ದಿನ ಸಬಿಹಾ," ಎಂದ.

ಸಬಿಹಾ ಆಗಲೇ ಸೆರ್ಪಿಲಳ ಮುಂದೆ ಬಗ್ಗಿದ್ದಳು. ಸೆರ್ಪಿಲ್ ದಾರ ಕಚ್ಚಿಕೊಂಡೇ ಸಹಿ ಹಾಕಿದಳು. ಪಟ್ಟಿ ಒಂಚೂರು ಸೊಟ್ಟಗೆ ಕೂತಿತು. ಆಮೇಲೆ ಸಬಿಹಾ ಚೀಲದ ತಳಕ್ಕೆ ಕೈಹಾಕಿ ಒಂಬತ್ತನೇ ನಂಬರಿನ ಶರ್ಟು ತೆಗೆದಳು. ತರಬೇಡ ಎಂದಿದ್ದರೂ ತಂದಿದ್ದಳು. ಹದಿಮೂರಕ್ಕೇ ಚೀಲ ಕಟ್ಟಲು ಕೈ ಒಪ್ಪಿರಲಿಲ್ಲ.

ಇಲ್ಕಾಯ್ ಶರ್ಟು ತೆಗೆದುಕೊಂಡಳು. "ನಂಗಿನ್ನೂ ಕೋಪ ಇದೆ ಅಕ್ಕಾ."

"ಇರ್ಲಿ. ಮೊದ್ಲು ಆಡ್ಕೊಂಡು ಬಾ, ಆಮೇಲೆ ಪುರಸೊತ್ತಲ್ಲಿ ಕೋಪ ಮಾಡ್ಕೊ."

ಸಬಿಹಾ ಯಾವಾಗಲೂ ಅಂಕಣದ ಬಾಗಿಲಲ್ಲಿ ನಿಂತು ಆಟ ನೋಡುವವಳು. ಅವತ್ತೂ ಅಲ್ಲೇ ನಿಂತಳು. ಒಂಬತ್ತನೇ ನಂಬರು, ಇಲ್ಕಾಯ್ ಎಂದು ಕೂಗಿದಾಗ ಗ್ಯಾಲರಿಯ ಅರ್ಧ ಭಾಗ ಸೀಟಿ ಹೊಡೆಯಿತು. ಯಾರೋ ಅವಳ ತಾಯಿಯನ್ನೂ ಸೇರಿಸಿ ಬೈದರು, ಇನ್ನಾರೋ ನಕ್ಕರು. ಇಲ್ಲಿ ಬರೆಯಲಾಗದ ಮಾತುಗಳೂ ಬಂದವು. ಗ್ಯಾಲರಿಯ ಇನ್ನರ್ಧ ಸುಮ್ಮನೆ ಕೂತಿತ್ತು, ಅದೂ ಸಬಿಹಾಳಿಗೆ ಕೇಳಿಸಿತು. ಮೊದಲ ಸರ್ವು ಇಲ್ಕಾಯಳದೇ. ಅವಳು ಗೆರೆಯ ಹಿಂದೆ ಹೋಗಿ ಚೆಂಡನ್ನು ನೆಲಕ್ಕೆ ಎರಡು ಸಲ ಬಡಿದಳು. ರೆಫರಿಯ ಸೀಟಿಯಾಯಿತು. ಎಂಟು ಸೆಕೆಂಡಿನೊಳಗೆ ಹೊಡೆಯಬೇಕು. ಒಂದು, ಎರಡು, ಮೂರು. ಆರನೆಯದಕ್ಕೆ ಚೆಂಡು ಮೇಲಕ್ಕೇರಿತು, ಕೈ ಬಿತ್ತು, ಚೆಂಡು ಸೀದಾ ಹೋಗಿ ಬಲೆಗೆ ಬಡಿದು ಇತ್ತಲೇ ಬಿತ್ತು.

ಗ್ಯಾಲರಿ ಕುಣಿಯಿತು. ಇಲ್ಕಾಯ್ ಅಲ್ಲೇ ಕೈ ಇಳಿಬಿಟ್ಟು ನಿಂತಳು.

ಸೆರ್ಪಿಲ್ ತಿರುಗಿ ಅವಳತ್ತ ನಡೆದಳು. ಬುರ್ಜು ಬಂದಳು. ಬಲೆಯ ಹತ್ತಿರವಿದ್ದವರೂ ಅಷ್ಟು ದೂರ ನಡೆದು ಬಂದರು. ಗೆದ್ದ ಪಾಯಿಂಟಿಗೂ ಕಳೆದ ಪಾಯಿಂಟಿಗೂ ವಾಲಿಬಾಲಿನವರು ಹೀಗೇ ಒಟ್ಟಾಗಿ ಅಂಗೈ ತಟ್ಟಿಕೊಳ್ಳುತ್ತಾರೆ. ಐವರೂ ಒಬ್ಬೊಬ್ಬರಾಗಿ ಅವಳ ಅಂಗೈ ತಟ್ಟಿದರು. ಹೊರಗೆ ಕೂತ ಎಲ್ವಾನಳೂ ಎದ್ದು ಅಲ್ಲಿಂದಲೇ ಕೈ ಎತ್ತಿದಳು.

ಅಷ್ಟರಲ್ಲಿ ಕೋಟು ತೊಟ್ಟ ಬೆನ್ನೊಂದು ಸಬಿಹಾಳ ಕಣ್ಣಿಗೆ ಅಡ್ಡ ಬಂತು. ರಹ್ಮಿ ಬೆಯ್. ತಿರುಗಿ ನಿಂತು ಕೈ ಚಾಚಿದ.

"ಬಟ್ಟೆ ಕೋಣೆ ಬೀಗದಕೈ ಕೊಡು. ಸೋಮವಾರದಿಂದ ಈ ಕಡೆ ತಲೆ ಹಾಕ್ಬೇಡ."

ಸಬಿಹಾ ಜೇಬಿನಿಂದ ಬೀಗದಕೈ ತೆಗೆದು ಅವನ ಅಂಗೈಗೆ ಹಾಕಿದಳು.

"ತಗೊಳ್ಳಿ," ಎಂದಳು. "ಈಗ ಸ್ವಲ್ಪ ಸರಿದು ನಿಂತ್ಕೊಳ್ಳಿ ರಹ್ಮಿ ಬೆಯ್, ನನ್ ಹುಡುಗೀರು ಕಾಣ್ತಿಲ್ಲ."