ಅಚ್ಚಕ್ಕ ಮತ್ತು ಮೂಲೆಯ ಪ್ರಿಂಟರ್

ಅವಳ ತಾತ ಕಲ್ಲಿನಲ್ಲಿ ಅಕ್ಷರ ಕೆತ್ತುತ್ತಿದ್ದ; ಅವನು ಕೆತ್ತಿದ ಹೆಸರುಗಳನ್ನು ಮಳೆ ಇನ್ನೂ ಅಳಿಸಿಲ್ಲ. ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ. ಕಣ್ಣು ಮಂಜಾದ ಮೇಲೂ ಬೆರಳಿನಲ್ಲೇ ಓದುತ್ತಿದ್ದ. ಬಿತ್ತಿದಂತೆ ಬೆಳೆ. ಆ ಮನೆಯ ಮಗಳನ್ನು ನಮ್ಮ ಬೀದಿಯವರು ಅಚ್ಚಕ್ಕ ಎಂದೇ ಕರೆದರು.

ಗಂಡ ತೀರಿಕೊಂಡ ಮೇಲೆ ಅವನ ಟೈಪಿಂಗ್ ಅಂಗಡಿಯನ್ನು ಅವಳೇ ನಡೆಸಿದಳು. ಗಂಡನ ಅಣ್ಣನಿಗೆ ಅದರ ಮೇಲೆ ಕಣ್ಣಿತ್ತು. ಕೆಟ್ಟವನಲ್ಲ. ಆದರೆ ಕೈ ಹಿಡಿದು ನಡೆಸಲು ಬಂದವರು ಆಮೇಲೆ ಕೈ ಬಿಡುವುದಿಲ್ಲ.

ಅಂಗಡಿಯಲ್ಲಿ ಮೂರು ಕಂಪ್ಯೂಟರ್, ಮೂಲೆಯಲ್ಲಿ ಒಂದೇ ಪ್ರಿಂಟರ್. ಗಂಡ ಅದನ್ನು ತನ್ನ ಕಂಪ್ಯೂಟರಿಗೆ ಕಟ್ಟಿ, ಅಲ್ಲಿಂದ ಉಳಿದೆರಡಕ್ಕೆ ಹಂಚಿದ್ದ. ಅವನದು ಎಚ್ಚರವಿದ್ದರೆ ಮಾತ್ರ ಉಳಿದವುಗಳ ಹಾಳೆ ಹೊರಬರುತ್ತಿತ್ತು. ಅವನಿಲ್ಲದಿದ್ದರೂ ಅಚ್ಚಕ್ಕ ದಿನಾ ಬಾಗಿಲು ತೆಗೆದೊಡನೆ ಅದನ್ನೇ ಮೊದಲು ಎಬ್ಬಿಸುತ್ತಿದ್ದಳು.

ಒಂದು ಬೆಳಿಗ್ಗೆ ಗಂಡನ ಕಂಪ್ಯೂಟರ್ ಏಳಲಿಲ್ಲ. ಸಂಜೆಯೊಳಗೆ ಶಾಲೆಗೆ ಪ್ರಶ್ನೆಪತ್ರಿಕೆ ಮುಟ್ಟಬೇಕಿತ್ತು.

ಸುದ್ದಿ ಕೇಳಿ ಭಾವ ಬಂದ. “ಇದು ನಿನ್ನ ಕೈಲಿ ಆಗೋದಲ್ಲಮ್ಮ. ನಾಳೆಯಿಂದ ನಾನೇ ಬಂದು ಕೂತ್ಕೋತೀನಿ.”

“ಇವತ್ತೇ ಕೂತ್ಕೊಳ್ಳಿ ಭಾವ. ಗಿರಾಕಿಗಳ ಬೆಂಚು ಖಾಲಿ ಇದೆ.”

ಇನ್ನು ಆ ಕಂಪ್ಯೂಟರಿನ ಹಂಗು ಬೇಡವೆಂದು ಅವಳು ನೇರ ಪ್ರಿಂಟರಿಗೇ ನೆಟ್‌ವರ್ಕ್ ತಂತಿ ಚುಚ್ಚಿದಳು. ತನ್ನ ಕಂಪ್ಯೂಟರಿಗೆ ಡ್ರೈವರ್ ಇಳಿಸಿದಳು. ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ತಿಳಿಸುವ ದುಭಾಷಿ ಅದು. ಅವಸರದಲ್ಲಿ ಬೇರೆ ಮಾದರಿಯದನ್ನು ಹಾಕಿದ್ದಳು. ಪ್ರಿಂಟರ್ ಹಾಳೆಗೊಂದು ಸಾಲು ಅರ್ಥವಿಲ್ಲದ ಗುರುತು ಉಗುಳತೊಡಗಿತು.

“ಸನ್ನಿ ಹಿಡಿದೋರ ಥರ ಬಡಬಡಿಸ್ತಿದೆಯಲ್ಲ,” ಎಂದ ಭಾವ.

“ದುಭಾಷಿ ತಪ್ಪಿದ್ರೆ ಯಾರಿಗಾದ್ರೂ ಅದೇ ಗತಿ.”

ಅದನ್ನು ನಿಲ್ಲಿಸಿ, ಮಂಡಿಯೂರಿ, ಪ್ರಿಂಟರಿನ ಬೆನ್ನಿನ ಧೂಳೊರೆಸಿ ಮಾದರಿಯ ಸಂಖ್ಯೆ ಓದಿಕೊಂಡಳು. ಸರಿಯಾದ ಡ್ರೈವರ್ ಇಳಿಸಿದಳು. ಪ್ರಿಂಟರಿನ ಹಳೆಯ ನಮೂದು ಇನ್ನೂ ಪರದೆಯ ಮೇಲೆ ಗಂಡನ ಹೆಸರಿನಲ್ಲೇ ಇತ್ತು. ತೆಗೆದುಹಾಕಲೇ ಎಂದು ಪರದೆ ಕೇಳಿತು. ಅವಳ ಬೆರಳು ಅಲ್ಲೇ ನಿಂತಿತು. ಕೊನೆಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೂಂ ಎಂದು ಒತ್ತಿದಳು.

ಮೊದಲು ಒತ್ತಿ ನೋಡಿದ ಹಾಳೆ ಅಚ್ಚುಕಟ್ಟಾಗಿ ಬಂತು. ಉಳಿದ ಇನ್ನೊಂದು ಕಂಪ್ಯೂಟರಿಗೂ ಹಾಗೇ ಮಾಡಿದಳು. ಹೊತ್ತು ಇಳಿಯುವ ಮೊದಲೇ ಪ್ರಶ್ನೆಪತ್ರಿಕೆಗಳ ಕಟ್ಟು ಸಿದ್ಧವಾಗಿತ್ತು.

ಭಾವ ಎದ್ದು ಕಟ್ಟಿಗೆ ಕೈಹಾಕಿದ. “ಕೊಡಮ್ಮ, ಇದನ್ನಾದ್ರೂ ನಾನು ಹೊರ್ತೀನಿ.”

“ಬೇಡ ಭಾವ. ಅವರನ್ನ ಹೊರೋವಾಗ ಹೆಗಲು ಕೊಟ್ರಿ, ಅದನ್ನ ಮರೆಯಲ್ಲ. ಅಂಗಡೀನ ನಾನೇ ಹೊರ್ತೀನಿ.”